ರೋಮ್ ಕಾದಂಬರಿ: ಯಾರ ಬಾಯಿಂದ ಕೇಳಬೇಕು?

ಪ್ರಾಚೀನ ರೋಮನ್ನು ಕುರಿತ ಕಾದಂಬರಿಯೊಂದನ್ನು ಓದಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಕಾಲದ ಕಥೆ ಚೆನ್ನಾಗಿದೆ ಎಂದು. ಸೀಸರನ ಕಾಲವೋ, ನೀರೋನ ಕಾಲವೋ, ಪೊಂಪೈ ಬೂದಿಯಲ್ಲಿ ಮುಳುಗಿದ ಕಾಲವೋ ಎಂದು ವಿಚಾರಿಸಿ, ಯಾವುದೋ ಪಟ್ಟಿಯ ಮೊದಲ ಸಾಲಿನಲ್ಲಿರುವ ಪುಸ್ತಕವನ್ನು ತಂದು, ಅರವತ್ತನೆಯ ಪುಟದ ಹೊತ್ತಿಗೆ ಹೆಸರುಗಳ ಕಾಡಿನಲ್ಲಿ ದಾರಿ ತಪ್ಪಿ, ಇದು ನಮಗೆ ಒಗ್ಗುವುದಲ್ಲ ಎಂದು ಬದಿಗಿಟ್ಟವರನ್ನು ನಾನು ಸಾಕಷ್ಟು ನೋಡಿದ್ದೇನೆ. ಕಾಲವನ್ನು ನೋಡಿ ಆರಿಸಿದರೆ ಹೀಗೆಯೇ ಆಗುತ್ತದೆ. ಅಗಸ್ಟಸ್ ಎಂಬ ಒಬ್ಬನೇ ಚಕ್ರವರ್ತಿ ಒಂದು ಕಾದಂಬರಿಯಲ್ಲಿ ಹೆಂಡತಿಯ ಮಾತಿಗೆ ತಲೆಯಾಡಿಸುವ ಮುದುಕನಾಗಿ ಕಾಣುತ್ತಾನೆ. ಇನ್ನೊಂದರಲ್ಲಿ ಎಲ್ಲರೂ ತನ್ನ ಬಗ್ಗೆ ಮಾತಾಡುತ್ತಿದ್ದರೂ ಕೊನೆಯ ಭಾಗದವರೆಗೆ ತಾನು ಬಾಯಿ ಬಿಡದ ಒಗಟಾಗಿ ಕಾಣುತ್ತಾನೆ. ಮತ್ತೊಂದರಲ್ಲಿ ಹಳೆಯ ಗಣರಾಜ್ಯಕ್ಕೆ ಮಣ್ಣು ಮುಚ್ಚಲು ಬಂದ ತಣ್ಣನೆಯ ಹುಡುಗನಾಗಿ ಕಾಣುತ್ತಾನೆ. ಕಾಲ ಹೆಚ್ಚುಕಡಿಮೆ ಒಂದೇ, ಮನುಷ್ಯನೂ ಒಬ್ಬನೇ. ಹೇಳುವ ಬಾಯಿ ಮಾತ್ರ ಬೇರೆ. ಆದ್ದರಿಂದ ಪುಸ್ತಕ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದದ್ದು ಈ ಕಥೆಯನ್ನು ನಾನು ಯಾರಿಂದ ಕೇಳಲಿದ್ದೇನೆ, ಅವನ ಜೊತೆ ನಾನೂರು ಪುಟ ಕುಳಿತುಕೊಳ್ಳಬಲ್ಲೆನೇ ಎಂಬ ಪ್ರಶ್ನೆಯನ್ನು.

ಈ ಲೆಕ್ಕದಲ್ಲಿ ಮುಖ್ಯವಾಗಿ ಐದು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ, ಇನ್ನು ಕೆಲವನ್ನು ಮುಟ್ಟಿ ಮುಂದೆ ಹೋಗುತ್ತೇನೆ. ಎಲ್ಲವನ್ನೂ ನಾನು ಓದಿರುವುದು ಇಂಗ್ಲಿಷಿನಲ್ಲಿ. ಹಾಗಾಗಿ ಯಾವುದರ ಇಂಗ್ಲಿಷ್ ಎಷ್ಟು ತೊಡಕಿನದು ಎಂಬುದನ್ನೂ ಜೊತೆಗೆ ಹೇಳುತ್ತೇನೆ.

ರಾಬರ್ಟ್ ಗ್ರೇವ್ಸ್ 1934ರಲ್ಲಿ ಪ್ರಕಟಿಸಿದ ‘ಐ, ಕ್ಲಾಡಿಯಸ್’ನಿಂದ ಆರಂಭಿಸುವುದಕ್ಕೆ ಕಾರಣ, ನಾನು ಮರುಳಾದದ್ದು ಅದಕ್ಕೆ. ನನಗೆ ಸಿಕ್ಕಿದ್ದು ಹಳೆಯ ಪುಸ್ತಕಗಳ ರಾಶಿಯಲ್ಲಿದ್ದ, ಹೊಲಿಗೆ ಬಿಟ್ಟ ಪ್ರತಿ. ವಂಶವೃಕ್ಷವಿದ್ದ ಹಾಳೆಯನ್ನು ಯಾರೋ ಹರಿದುಕೊಂಡಿದ್ದರು. ಡ್ರೂಸಸ್ ಎಂದರೆ ಕಥೆ ಹೇಳುವವನ ಅಪ್ಪನೋ ಅಣ್ಣನ ಮಗನೋ, ಆಂಟೋನಿಯಾ ಯಾರ ಮಗಳು, ಅಗ್ರಿಪ್ಪೀನಾ ಯಾರ ಸೊಸೆ ಎಂಬುದು ತಿಳಿಯದೆ ಮೊದಲ ನೂರು ಪುಟಗಳಲ್ಲಿ ಮೂರು ಬಾರಿ ಹಿಂದಕ್ಕೆ ಬಂದೆ. ಕೊನೆಗೆ ಕೈಗೆ ಸಿಕ್ಕ ಮದುವೆಯ ಆಮಂತ್ರಣ ಪತ್ರಿಕೆಯೊಂದರ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ನಾನೇ ವಂಶವೃಕ್ಷ ಬರೆಯಲು ಕುಳಿತೆ. ಒಬ್ಬೊಬ್ಬರು ಸತ್ತಾಗಲೂ ಅವರ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತ ಹೋದೆ. ಅರ್ಧ ಪುಸ್ತಕ ಮುಗಿಯುವಷ್ಟರಲ್ಲಿ ಗೀಟುಗಳೆಲ್ಲ ಅಗಸ್ಟಸ್‌ನ ಹೆಂಡತಿ ಲಿವಿಯಾಳ ಮಗನಿಗೂ ಸಿಂಹಾಸನಕ್ಕೂ ನಡುವೆ ಬರುವ ಹೆಸರುಗಳ ಮೇಲೆಯೇ ಬಿದ್ದಿರುವುದು ಆ ಕಾಗದದ ಮೇಲೆ ಕಂಡಿತು. ಕಾದಂಬರಿಕಾರ ಬಾಯಿಬಿಟ್ಟು ಹೇಳುವ ಮೊದಲೇ ಅದನ್ನು ನನ್ನ ಕೈಯಾರೆ ಕಂಡುಹಿಡಿದೆನೆಂಬ ಹಿಗ್ಗಿನಲ್ಲಿ ಅಂದು ರಾತ್ರಿ ಎರಡು ಗಂಟೆಯವರೆಗೆ ಓದಿದೆ. ಆ ಆಮಂತ್ರಣ ಪತ್ರಿಕೆ ಇಂದಿಗೂ ಪುಸ್ತಕದೊಳಗೆ ಇದೆ. ಆ ಮದುವೆಗೆ ಹೋಗಿದ್ದೆನೋ ಇಲ್ಲವೋ ನೆನಪಿಲ್ಲ.

ಹೇಳುವವನು ಕ್ಲಾಡಿಯಸ್. ಕ್ರಿ.ಪೂ. 10ರಲ್ಲಿ ಇಂದಿನ ಲಿಯೋನ್ ನಗರದಲ್ಲಿ ಹುಟ್ಟಿದವನು, ಕುಂಟ, ತೊದಲ, ಮನೆಯವರ ಕಣ್ಣಿನಲ್ಲಿ ದಡ್ಡ. ದಡ್ಡನೆಂದು ಯಾರೂ ಅವನ ಮುಂದೆ ಗುಟ್ಟು ಮುಚ್ಚಿಡುವುದಿಲ್ಲ, ದಡ್ಡನೆಂದೇ ಅವನನ್ನು ಕೊಲ್ಲುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಊಟ ಮುಗಿದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ, ಮನೆತನದ ಹಳೆಯ ಕಥೆಗಳನ್ನು ಒಂದೊಂದಾಗಿ ಬಿಚ್ಚುವ ಸೋದರಮಾವನ ಧ್ವನಿ ಅದು. ಸಾಮ್ರಾಜ್ಯದ ಇತಿಹಾಸವು ಅತ್ತೆ, ಸೊಸೆ, ಮಲಮಗ, ಆಸ್ತಿ ಎಂಬ ಮಟ್ಟಕ್ಕೆ ಇಳಿದುಬರುತ್ತದೆ. ಅಷ್ಟರಮಟ್ಟಿಗೆ ನಮಗೆ ಹತ್ತಿರವಾಗುತ್ತದೆ. ಕ್ರಿ.ಶ. 14ರಲ್ಲಿ ನೋಲಾ ಎಂಬಲ್ಲಿ ಅಗಸ್ಟಸ್ ಸತ್ತದ್ದನ್ನೇ ತೆಗೆದುಕೊಳ್ಳಿ. ಅವನು ತನ್ನ ಕೈಯಿಂದಲೇ ಕಿತ್ತು ತಿನ್ನುತ್ತಿದ್ದ ಅಂಜೂರದ ಹಣ್ಣುಗಳಿಗೆ ಲಿವಿಯಾ ಮರದಲ್ಲಿರುವಾಗಲೇ ವಿಷ ಸವರಿದ್ದಳೆಂಬ ವದಂತಿಯನ್ನು ಕ್ಯಾಸಿಯಸ್ ಡಿಯೋ ಎಂಬ ಹಳೆಯ ಇತಿಹಾಸಕಾರ ದಾಖಲಿಸಿದ್ದಾನೆ. ಇತಿಹಾಸಕಾರನಿಗೆ ಅದು ಒಂದು ವದಂತಿ, ಒಂದು ವಾಕ್ಯ. ಗ್ರೇವ್ಸ್‌ನ ಕೈಯಲ್ಲಿ ಅದೇ ಅಂಜೂರ ಇಡೀ ಮನೆಯ ಉಸಿರುಗಟ್ಟಿಸುವ ಸಂಗತಿಯಾಗುತ್ತದೆ.

ಓದುಗನಿಗೆ ಗ್ರೇವ್ಸ್ ಮಾಡಿಕೊಟ್ಟಿರುವ ಇನ್ನೊಂದು ಉಪಕಾರವನ್ನು ಹೇಳಲೇಬೇಕು. ಅವನು ಲ್ಯಾಟಿನ್ ಪದಗಳನ್ನು ಆದಷ್ಟು ಹೊರಗಿಟ್ಟಿದ್ದಾನೆ. ಗಾಲ್ ದೇಶವನ್ನು ಫ್ರಾನ್ಸ್ ಎಂದೇ ಕರೆಯುತ್ತಾನೆ, ಜರ್ಮನ್ ಪಡೆಗಳ ಭರ್ಜಿಗೆ ಆಫ್ರಿಕದ ಕಡೆಯ ‘ಅಸಗಾಯ್’ ಎಂಬ ಹೆಸರನ್ನು ತಂದು ಕೊಡುತ್ತಾನೆ. ಪಂಡಿತರಿಗೆ ಇದು ಕಿರಿಕಿರಿ. ಹೊಸಬರಿಗೆ ಮಾತ್ರ ಇದರಿಂದ ದೊಡ್ಡ ಅನುಕೂಲ, ಏಕೆಂದರೆ ಪುಟಪುಟಕ್ಕೂ ಪದಕೋಶ ತೆರೆಯುವ ಕೆಲಸ ಬರುವುದಿಲ್ಲ.

ಆದರೆ ಈ ಸೋದರಮಾವನ ಮಾತನ್ನು ಪೂರ್ತಿ ನಂಬಬಾರದು. ಲಿವಿಯಾ ಸಾಲುಸಾಲಾಗಿ ವಿಷವಿಕ್ಕಿದಳೆಂಬುದನ್ನು ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಹಳೆಯ ರೋಮನ್ ಇತಿಹಾಸಕಾರರಾದ ಟ್ಯಾಸಿಟಸ್‌ನ ಚುಚ್ಚುಮಾತುಗಳನ್ನೂ ಸ್ವೆಟೋನಿಯಸ್‌ನ ಅರಮನೆ ಹರಟೆಯನ್ನೂ ಗ್ರೇವ್ಸ್ ಸಂತೋಷವಾಗಿ ಸಾಕ್ಷ್ಯವೆಂದು ಎತ್ತಿಕೊಂಡಿದ್ದಾನೆ. ಕಾದಂಬರಿಯ ಕ್ಲಾಡಿಯಸ್ ಹಳೆಯ ಗಣರಾಜ್ಯಕ್ಕಾಗಿ ಹಂಬಲಿಸುವ ಸಾಧು. ಸ್ವೆಟೋನಿಯಸ್ ಹೇಳುವ ಕ್ಲಾಡಿಯಸ್ ತನ್ನ ಆಳ್ವಿಕೆಯಲ್ಲಿ 35 ಸೆನೆಟರುಗಳನ್ನೂ 300ಕ್ಕೂ ಹೆಚ್ಚು ಕುಲೀನರನ್ನೂ ಕೊಲ್ಲಿಸಿದವನು. ಸ್ವೆಟೋನಿಯಸ್‌ನ ಆ ಪುಸ್ತಕವನ್ನು 1957ರಲ್ಲಿ ಇಂಗ್ಲಿಷಿಗೆ ಅನುವಾದಿಸಿದವನೂ ಗ್ರೇವ್ಸ್‌ನೇ ಎಂಬುದು ಇಲ್ಲಿಯ ತಮಾಷೆ. ತನ್ನ ನಾಯಕನ ಲೆಕ್ಕಪುಸ್ತಕ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಮಗೆ ತೋರಿಸಬೇಕಾದ ಪುಟಗಳನ್ನು ಮಾತ್ರ ತೋರಿಸಿದ. ಎರಡನೆಯ ಸಂಪುಟವಾದ ‘ಕ್ಲಾಡಿಯಸ್ ದಿ ಗಾಡ್’ನಲ್ಲಿ ಕ್ರಿ.ಶ. 43ರ ಬ್ರಿಟನ್ ದಂಡಯಾತ್ರೆಯೂ ಹೆಂಡತಿ ಮೆಸ್ಸಲೀನಾಳ ಪ್ರಕರಣವೂ ಬರುತ್ತವೆ. ಚಕ್ರವರ್ತಿಯಾದ ಮೇಲೆ ಆ ಬಾಯಿಯಲ್ಲಿ ಮೊದಲಿನ ಕಳ್ಳನಗೆ ಉಳಿಯುವುದಿಲ್ಲ. ಮೊದಲ ಸಂಪುಟವನ್ನು ಓದಿ, ಒಂದೆರಡು ತಿಂಗಳು ಬಿಟ್ಟು ಎರಡನೆಯದಕ್ಕೆ ಕೈ ಹಾಕುವುದು ಲೇಸು.

ಅಗಸ್ಟಸ್‌ನ ನಂತರ ಪಟ್ಟಕ್ಕೆ ಬಂದ, ಲಿವಿಯಾಳ ಮಗ ಟೈಬೀರಿಯಸ್‌ನ ಭಾಗವನ್ನು ಓದುವಾಗ ನನಗೆ ಪ್ರತಿ ಸಲವೂ ಚಿತ್ರದುರ್ಗ ನೆನಪಾಗುತ್ತದೆ. ಊರಿನ ಪಕ್ಕದ ಚಂದ್ರವಳ್ಳಿಯ ಉತ್ಖನನದಲ್ಲಿ ಈ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನ ಕಾಲದ ಬೆಳ್ಳಿ ನಾಣ್ಯಗಳಲ್ಲಿ ಬಹಳ ಸಾಮಾನ್ಯವಾದ ಬಗೆಯ ಹಿಂಬದಿಯಲ್ಲಿ ಕುಳಿತ ಹೆಂಗಸೊಬ್ಬಳ ಚಿತ್ರವಿರುತ್ತದೆ. ಅವಳು ಲಿವಿಯಾ ಎಂದು ಗುರುತಿಸುವವರು ಹಲವರಿದ್ದಾರೆ. ವಿಷದ ಕಥೆ ನಿಜವೋ ಸುಳ್ಳೋ, ಆ ಕಾಲದ ಹಣ ಮಾತ್ರ ನಮ್ಮ ಸಂತೆಯವರೆಗೂ ನಡೆದುಬಂದಿತ್ತು.

ಗ್ರೇವ್ಸ್‌ಗೆ ಎದುರಾಗಿ ನಿಲ್ಲಿಸಬೇಕಾದ ಪುಸ್ತಕ ಮಾರ್ಗರೀಟ್ ಯೂರ್ಸನಾರ್ ಫ್ರೆಂಚಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದ ‘ಮೆಮ್ವಾರ್ಸ್ ಆಫ್ ಹೇಡ್ರಿಯನ್’. ಗ್ರೇಸ್ ಫ್ರಿಕ್ ಮಾಡಿದ ಇಂಗ್ಲಿಷ್ ಅನುವಾದ 1954ರಲ್ಲಿ ಬಂತು. ಇಲ್ಲಿಯೂ ಚಕ್ರವರ್ತಿಯೇ ಮಾತಾಡುತ್ತಾನೆ, ಇಲ್ಲಿಯೂ ‘ನಾನು’ ಎಂದೇ ಹೇಳುತ್ತಾನೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಕ್ಲಾಡಿಯಸ್ ಊರವರ ಕಥೆಯನ್ನು ಹೇಳುತ್ತಾನೆ, ಹೇಡ್ರಿಯನ್ ತನ್ನನ್ನೇ ಓದಿಕೊಳ್ಳುತ್ತಾನೆ. ಕ್ರಿ.ಶ. 117ರಿಂದ 138ರವರೆಗೆ ಆಳಿದ ಈ ಅರಸ, ಮುಂದೆ ಚಕ್ರವರ್ತಿಯಾಗಲಿರುವ ಹದಿಹರೆಯದ ಮಾರ್ಕಸ್ ಅರೀಲಿಯಸ್‌ಗೆ ಬರೆಯುವ ಪತ್ರದ ರೂಪದಲ್ಲಿ ಕಾದಂಬರಿಯಿದೆ. ಮೊದಲ ಪುಟದಲ್ಲಿಯೇ ಅವನು ವೈದ್ಯ ಹರ್ಮೋಜಿನಿಸ್‌ನ ಮುಂದೆ ಮೇಲಂಗಿ ಕಳಚಿ ಮಲಗಿದ್ದಾನೆ. ಲೋಕವನ್ನೆಲ್ಲ ಸುತ್ತಿದ ಕಾಲುಗಳು ಊದಿಕೊಂಡಿವೆ, ಹೃದಯ ಸೋಲುತ್ತಿದೆ. ವೈದ್ಯನ ಕಣ್ಣಿಗೆ ಆತ ಅರಸನಲ್ಲ, ನೀರು ತುಂಬಿದ ಒಂದು ದೇಹ. ಬೇಟೆಯನ್ನು ಬಿಡಬೇಕು, ಕುದುರೆ ಸವಾರಿಯನ್ನು ಬಿಡಬೇಕು, ಈಜುವುದನ್ನು ಬಿಡಬೇಕು. ಹೀಗೆ ಬಿಡುತ್ತ ಹೋದ ಒಂದೊಂದು ಸುಖವನ್ನೂ ಅವನು ನಿಂತು, ತೂಗಿ, ಬೀಳ್ಕೊಡುವ ರೀತಿಯೇ ಪುಸ್ತಕದ ಮೊದಲ ಭಾಗ.

ನಾನು ಇದನ್ನು ಮೊದಲ ಸಲ ನಲವತ್ತು ಪುಟಕ್ಕೆ ಬಿಟ್ಟೆ. ಸಂಭಾಷಣೆ ಬಹುತೇಕ ಇಲ್ಲ, ವಾಕ್ಯಗಳು ಉದ್ದ, ಘಟನೆಗಳು ಮಾತಿನ ಹಿಂದೆ ಅಡಗಿ ಬರುತ್ತವೆ. ಕ್ಲಾಡಿಯಸ್‌ನ ಗುಂಗಿನಲ್ಲಿದ್ದವನಿಗೆ ಇಲ್ಲಿ ಏನೂ ಆಗುತ್ತಲೇ ಇಲ್ಲವೆನಿಸಿತು. ಹಲವು ವರ್ಷಗಳ ಬಳಿಕ, ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದು ಅವರ ಮಗ್ಗುಲಲ್ಲಿ ರಾತ್ರಿ ಕಾಯುತ್ತಿದ್ದ ದಿನಗಳಲ್ಲಿ, ಅದೇ ಪುಸ್ತಕವನ್ನು ಮತ್ತೆ ತೆರೆದೆ. ಈ ಸಲ ದಿನಕ್ಕೆ ಹತ್ತು ಪುಟಕ್ಕಿಂತ ಹೆಚ್ಚು ಓದಲು ಮನಸ್ಸಾಗಲಿಲ್ಲ, ಬೇಗ ಮುಗಿದುಹೋದೀತೆಂಬ ಲೋಭದಿಂದ. ಕ್ರಿ.ಶ. 130ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ ಆಂಟಿನೋಸ್ ಎಂಬ ಪ್ರಿಯ ತರುಣನಿಗಾಗಿ ಚಕ್ರವರ್ತಿ ಒಂದು ಊರನ್ನೇ ಕಟ್ಟಿಸಿದ, ಅವನನ್ನು ದೇವರನ್ನಾಗಿಸಿದ ಎಂಬುದು ಇತಿಹಾಸದ ಸಂಗತಿ. ದುಃಖ ಆಜ್ಞಾಪತ್ರವಾಗಿ, ಕಲ್ಲಾಗಿ, ನಾಣ್ಯವಾಗಿ ಬದಲಾಗುತ್ತಿರುವುದನ್ನು ದುಃಖಿಸುವವನೇ ದೂರದಿಂದ ನೋಡುತ್ತಿರುವಂತೆ ಯೂರ್ಸನಾರ್ ಬರೆದ ಆ ಪುಟಗಳಿಗೆ ಸಮನಾದುದನ್ನು ರೋಮ್ ಕುರಿತ ಬೇರೆ ಯಾವ ಕಾದಂಬರಿಯಲ್ಲಿಯೂ ನಾನು ಓದಿಲ್ಲ. ಇಪ್ಪತ್ತರ ಹರೆಯದಲ್ಲಿ ಆರಂಭಿಸಿ, ಹರಿದು ಹಾಕಿ, ಕೈಬಿಟ್ಟು, ಯುದ್ಧದ ನಂತರ ಸ್ವಿಟ್ಜರ್ಲೆಂಡಿನಿಂದ ಬಂದ ಪೆಟ್ಟಿಗೆಯೊಂದರಲ್ಲಿ ಹಳೆಯ ಹಾಳೆಗಳು ಸಿಕ್ಕ ಮೇಲೆ ಮತ್ತೆ ಕೈಗೆತ್ತಿಕೊಂಡ ಪುಸ್ತಕವಿದು. ಆ ಕಥೆಯನ್ನು ಲೇಖಕಿ ಕೊನೆಯಲ್ಲಿ ಸೇರಿಸಿರುವ ಟಿಪ್ಪಣಿಗಳಲ್ಲಿ ತಾವೇ ಹೇಳಿದ್ದಾರೆ. ಟಿಪ್ಪಣಿಗಳಿರುವ ಆವೃತ್ತಿಯನ್ನೇ ಕೊಳ್ಳಿ.

ಈ ಧ್ವನಿಯ ಸೊಗಸಿನಲ್ಲಿ ಒಂದು ಅಪಾಯವೂ ಇದೆ. ಹೇಡ್ರಿಯನ್ನನ ಕೊನೆಯ ವರ್ಷಗಳಲ್ಲಿ ಜುದೇಯದ ಯಹೂದಿಗಳು ಬಾರ್ ಕೊಖ್ಬಾನ ನಾಯಕತ್ವದಲ್ಲಿ ದಂಗೆಯೆದ್ದರು. ಅದನ್ನು ಅಡಗಿಸುವಾಗ ಯುದ್ಧದಲ್ಲಿಯೇ ಸತ್ತವರು 5,80,000 ಎಂದು ಕ್ಯಾಸಿಯಸ್ ಡಿಯೋ ಬರೆಯುತ್ತಾನೆ. ಹಳೆಯ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದೆಂದುಕೊಂಡರೂ ಅದು ಘೋರವೇ. ಕಾದಂಬರಿಯಲ್ಲಿ ಇದನ್ನೂ ನಾವು ಕೇಳುವುದು ಚಕ್ರವರ್ತಿಯ ಬಾಯಿಂದ. ಸುಸಂಸ್ಕೃತ, ದಣಿದ, ತನ್ನ ಸೋಲನ್ನು ಒಪ್ಪಿಕೊಳ್ಳುವ ಬಾಯಿಂದ. ಒಪ್ಪಿಕೊಳ್ಳುವವನ ಮೇಲೆ ನಮಗೆ ಕರುಣೆ ಹುಟ್ಟುತ್ತದೆ, ಸತ್ತವರು ಹಿನ್ನೆಲೆಗೆ ಸರಿಯುತ್ತಾರೆ. ಗ್ರೇವ್ಸ್‌ನ ಹರಟೆಗಾರನಿಗಿಂತ ಈ ಋಷಿಯ ಮಾತನ್ನೇ ಹೆಚ್ಚು ಎಚ್ಚರದಿಂದ ಕೇಳಬೇಕು.

ಒಬ್ಬನೇ ಹೇಳುವ ಕಥೆಯ ಮೇಲೆ ನಂಬಿಕೆಯಿಲ್ಲದವರಿಗೆ ಜಾನ್ ವಿಲಿಯಮ್ಸ್‌ನ ‘ಅಗಸ್ಟಸ್’ (1972) ಇದೆ. ಪತ್ರಗಳು, ದಿನಚರಿಗಳು, ನೆನಪಿನ ಟಿಪ್ಪಣಿಗಳು, ಸೇನೆಯ ಆಜ್ಞೆಗಳು ಇವುಗಳನ್ನಷ್ಟೇ ಜೋಡಿಸಿ ಕಟ್ಟಿದ ಕಾದಂಬರಿ. ಭೈರಪ್ಪನವರ ‘ಪರ್ವ’ದಲ್ಲಿ ಒಂದೊಂದು ಪಾತ್ರದ ಮನಸ್ಸಿನೊಳಗಿನಿಂದ ಅದೇ ಯುದ್ಧವನ್ನು ನೋಡಿ ಬಂದವರಿಗೆ ಈ ವಿಧಾನ ಹೊಸದೆನಿಸದು. ಗೆಳೆಯರು, ಕವಿಗಳು, ಶತ್ರುಗಳು, ಮನೆಯ ದಾದಿ, ಎಲ್ಲರೂ ಅಗಸ್ಟಸ್‌ನ ಬಗ್ಗೆ ಬರೆಯುತ್ತಾರೆ. ಅವನು ಮಾತ್ರ ಕೊನೆಯ ಭಾಗದಲ್ಲಿ, ಸಾವಿಗೆ ಕೆಲವೇ ದಿನಗಳ ಮುಂಚೆ, ಹಡಗಿನಲ್ಲಿ ಕುಳಿತು ಒಂದು ದೀರ್ಘ ಪತ್ರ ಬರೆಯುತ್ತಾನೆ. ಅಷ್ಟು ಹೊತ್ತಿಗೆ ನಾವು ಅವನ ಬಗ್ಗೆ ಕಟ್ಟಿಕೊಂಡ ತೀರ್ಮಾನಗಳನ್ನೆಲ್ಲ ಆ ಪತ್ರ ಮೆಲ್ಲಗೆ ಸಡಿಲಿಸುತ್ತದೆ. ಆದರೆ ಪುಸ್ತಕದ ಜೀವ ಇರುವುದು ಮಗಳು ಜೂಲಿಯಾಳ ದಿನಚರಿಯಲ್ಲಿ. ವ್ಯಭಿಚಾರವನ್ನು ಅಪರಾಧವಾಗಿಸಿದ ಕಾನೂನನ್ನು ತಂದವನು ಅಪ್ಪ, ಕ್ರಿ.ಪೂ. 2ರಲ್ಲಿ ಅದರಡಿಯಲ್ಲಿಯೇ ಮಗಳನ್ನು ಪಾಂಡಟೇರಿಯಾ ಎಂಬ ಪುಟ್ಟ ದ್ವೀಪಕ್ಕೆ ಗಡೀಪಾರು ಮಾಡಿದವನೂ ಅಪ್ಪನೇ. ಗ್ರೇವ್ಸ್‌ನಲ್ಲಿ ಜೂಲಿಯಾ ಒಂದು ಹಗರಣವಾಗಿ ಬಂದು ಹೋಗುತ್ತಾಳೆ, ಇಲ್ಲಿ ಅವಳು ಮನುಷ್ಯಳು. ಲಿವಿಯಾ ಕೂಡ ಇಲ್ಲಿ ರಾಕ್ಷಸಿಯಲ್ಲ, ಲೆಕ್ಕ ತಿಳಿದ ಹೆಂಗಸು. ಮುನ್ನೂರು ಚಿಲ್ಲರೆ ಪುಟ, ಇಂಗ್ಲಿಷ್ ತಿಳಿಯಾಗಿದೆ. ಒಂದೇ ಎಚ್ಚರಿಕೆ: ಪ್ರತಿ ಪತ್ರದ ತಲೆಯ ಮೇಲೆ ಬರೆದವರ ಹೆಸರೂ ವರ್ಷವೂ ಇರುತ್ತದೆ, ಕಥೆ ಹಿಂದೆ ಮುಂದೆ ಜಿಗಿಯುತ್ತದೆ. ಆ ಸಾಲನ್ನು ಬಿಟ್ಟು ಓದುವ ಅಭ್ಯಾಸವಿದ್ದರೆ ಹತ್ತು ಪುಟದೊಳಗೆ ದಿಕ್ಕು ತಪ್ಪುತ್ತದೆ.

ಅರಮನೆಗಿಂತ ಸೆನೆಟ್ಟು, ನ್ಯಾಯಾಲಯ, ಚುನಾವಣೆಗಳಲ್ಲಿ ಆಸಕ್ತಿಯಿರುವವರು ಅಗಸ್ಟಸ್‌ಗಿಂತ ಹಿಂದಿನ ಗಣರಾಜ್ಯದ ಕೊನೆಯ ದಿನಗಳಿಗೆ ಹೋಗಬೇಕು. ಅಲ್ಲಿ ಎರಡು ದಾರಿಗಳಿವೆ. ಒಂದು ಮೂರು ಸಂಪುಟಗಳದು, ಇನ್ನೊಂದು ಏಳು ಸಂಪುಟಗಳದು.

ರಾಬರ್ಟ್ ಹ್ಯಾರಿಸ್‌ನ ‘ಇಂಪೀರಿಯಂ’ (2006), ‘ಲಸ್ಟ್ರಂ’ (2009), ‘ಡಿಕ್ಟೇಟರ್’ (2015) ವಕೀಲನೂ ರಾಜಕಾರಣಿಯೂ ಆಗಿದ್ದ ಸಿಸೆರೊನ ಕಥೆ. ಹೇಳುವವನು ಟೈರೊ, ಸಿಸೆರೊನ ಮನೆಯಲ್ಲಿಯೇ ಹುಟ್ಟಿದ ಗುಲಾಮ, ಅವನ ಕಾರ್ಯದರ್ಶಿ, ಶೀಘ್ರಲಿಪಿಯೊಂದನ್ನು ರೂಪಿಸಿದವನೆಂದು ಹೆಸರಾದ ನಿಜವಾದ ವ್ಯಕ್ತಿ. ಅವನು ಒಡೆಯನ ಜೀವನಚರಿತ್ರೆಯನ್ನು ಬರೆದಿದ್ದನಂತೆ, ಅದು ನಷ್ಟವಾಗಿದೆ. ಆ ಕಳೆದುಹೋದ ಪುಸ್ತಕದ ಜಾಗದಲ್ಲಿ ಹ್ಯಾರಿಸ್ ಈ ಮೂರು ಕಾದಂಬರಿಗಳನ್ನು ಇಟ್ಟಿದ್ದಾನೆ. ಬಾಗಿಲ ಬಳಿ ನಿಂತು ಎಲ್ಲರ ಮಾತನ್ನೂ ಬರೆದುಕೊಳ್ಳುವ, ಯಾರ ಕಣ್ಣಿಗೂ ಬೀಳದ ಗುಮಾಸ್ತನಿಗಿಂತ ಒಳ್ಳೆಯ ಸಾಕ್ಷಿ ರಾಜಕೀಯಕ್ಕೆ ಸಿಕ್ಕುವುದುಂಟೆ? ಮೊದಲ ಸಂಪುಟ ಆರಂಭವಾಗುವುದು ಸಿಸಿಲಿಯಿಂದ ಬಂದ ಸ್ಥೀನಿಯಸ್ ಎಂಬ ನೊಂದವನೊಬ್ಬ ಬೆಳಗಿನ ಹೊತ್ತು ವಕೀಲನ ಮನೆಯ ಬಾಗಿಲಿಗೆ ಬಂದು ನಿಲ್ಲುವುದರೊಂದಿಗೆ. ಅಲ್ಲಿಯ ರಾಜ್ಯಪಾಲ ವೆರಸ್ ಅವನ ಮನೆಯ ಕಲಾವಸ್ತುಗಳನ್ನೆಲ್ಲ ದೋಚಿದ್ದಾನೆ. ಕ್ರಿ.ಪೂ. 70ರಲ್ಲಿ ಆ ವೆರಸ್‌ನ ವಿಚಾರಣೆ ನಡೆದು, ಸಿಸೆರೊ ದೇಶದ ಮೊದಲ ವಕೀಲನೆನಿಸುವವರೆಗೆ ಪುಸ್ತಕವನ್ನು ಕೆಳಗಿಡಲಾಗುವುದಿಲ್ಲ. ಪತ್ರಿಕಾ ವೃತ್ತಿಯಿಂದ ಬಂದವನಾದ್ದರಿಂದ ಹ್ಯಾರಿಸ್‌ನ ವಾಕ್ಯಗಳು ಚಿಕ್ಕವು, ಇಂಗ್ಲಿಷ್ ಸರಳ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಕಾದಂಬರಿಗೆ ಹೊಸದಾಗಿ ಕೈ ಹಾಕುವವರಿಗೆ ನಾನು ಕೊಡುವುದು ಇದನ್ನೇ.

ಕೊರತೆಯೆಂದರೆ ಟೈರೊ ಅತಿ ನಿಷ್ಠ. ಗುಲಾಮನ ಬಾಯಿಂದ ಬಂದ ಕಥೆಯಲ್ಲಿ ಗುಲಾಮಗಿರಿಯ ಸುಡುವಿಕೆ ಇಷ್ಟು ಕಡಿಮೆಯಿರುವುದು ನನಗೆ ಒಗ್ಗಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಮುರಿದ ಮೇಲೆ ಸೆರೆಸಿಕ್ಕ 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ಆಪಿಯನ್ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಲಾಯಿತು. ದಾರಿ ಸುಮಾರು 200 ಕಿಲೋಮೀಟರ್, ಅಂದರೆ ಸುಮಾರು ಮೂವತ್ತಮೂರು ಮೀಟರಿಗೊಂದು ಶಿಲುಬೆ. ಟೈರೊನ ಕಥೆಯಲ್ಲಿ ಆ ದಾರಿ ಬಂದು ಹೋಗುತ್ತದೆ. ಅಲ್ಲಿಯೇ ನಿಲ್ಲಬೇಕೆನಿಸಿದವರು ಹೊವರ್ಡ್ ಫಾಸ್ಟ್‌ನ ‘ಸ್ಪಾರ್ಟಕಸ್’ (1951) ಓದಬೇಕು. ಅದು ಆ ಹೆದ್ದಾರಿಯಲ್ಲಿ ವಿಹಾರ ಹೊರಟ ಕುಲೀನ ತರುಣತರುಣಿಯರಿಂದ ಆರಂಭವಾಗುತ್ತದೆ. ಸತ್ತ ದಂಗೆಕೋರನ ಕಥೆ ಹೆಚ್ಚಾಗಿ ಅವನನ್ನು ಕೊಂದವರ ಮಾತಿನಿಂದಲೇ ಹೊರಬರುತ್ತದೆ. ಅಮೆರಿಕದ ಸಂಸತ್ ಸಮಿತಿಗೆ ಹೆಸರುಗಳನ್ನು ಕೊಡಲೊಪ್ಪದೆ ಜೈಲಿಗೆ ಹೋಗಿ ಬಂದ ಕಮ್ಯುನಿಸ್ಟ್ ಫಾಸ್ಟ್‌ಗೆ ಪ್ರಕಾಶಕರು ಸಿಗದೆ, ಪುಸ್ತಕವನ್ನು ತಾನೇ ಅಚ್ಚು ಹಾಕಿಸಿದ. ಭಾಷಣ ಹೆಚ್ಚು, ಕುಶಲತೆ ಕಡಿಮೆ. ಆದರೂ ಟೈರೊನ ಪಕ್ಕದಲ್ಲಿ ಇದು ಕಪಾಟಿನಲ್ಲಿರಬೇಕು.

ಇನ್ನೊಂದು ದಾರಿ ಕಾಲೀನ್ ಮೆಕಲೋಳ ‘ಮಾಸ್ಟರ್ಸ್ ಆಫ್ ರೋಮ್’ ಮಾಲೆ. 1990ರ ‘ದಿ ಫಸ್ಟ್ ಮ್ಯಾನ್ ಇನ್ ರೋಮ್’ನಿಂದ 2007ರವರೆಗೆ ಏಳು ಸಂಪುಟಗಳು, ಮೊದಲನೆಯದೇ ಒಂಬೈನೂರು ಪುಟಗಳ ಆಸುಪಾಸಿನದು. ಇಲ್ಲಿ ‘ನಾನು’ ಎನ್ನುವವರು ಯಾರೂ ಇಲ್ಲ. ಎಲ್ಲವನ್ನೂ ಬಲ್ಲ, ಯಾವುದನ್ನೂ ಬಿಡಲೊಪ್ಪದ ಲೇಖಕಿಯೇ ಹೇಳುತ್ತಾಳೆ. ಕ್ರಿ.ಪೂ. 110ರ ಹೊಸವರ್ಷದ ದಿನ, ವರ್ಷಕ್ಕೆ ಇಬ್ಬರಂತೆ ಆರಿಸಿಬರುತ್ತಿದ್ದ ಮುಖ್ಯ ಅಧಿಕಾರಿಗಳಾದ ಹೊಸ ಕಾನ್ಸಲ್‌ಗಳ ಪದಗ್ರಹಣದ ಬೆಳಿಗ್ಗೆ ಕಥೆ ತೆರೆಯುತ್ತದೆ. ಹಣವಿದ್ದೂ ಕುಲವಿಲ್ಲದ ಮೇರಿಯಸ್, ಕುಲವಿದ್ದೂ ಕಾಸಿಲ್ಲದ ಸುಲ್ಲ, ಇಬ್ಬರೂ ಅದೇ ಊರಿನಲ್ಲಿ ಅದೇ ದಿನ ತಮ್ಮ ತಮ್ಮ ಕೊರತೆಯನ್ನು ಲೆಕ್ಕ ಹಾಕುತ್ತಿದ್ದಾರೆ. ಮೇರಿಯಸ್ ಏಳು ಬಾರಿ ಕಾನ್ಸಲ್ ಆಗುವುದು, ಭೂಮಿಯಿಲ್ಲದ ಬಡವರನ್ನು ಸೇನೆಗೆ ಸೇರಿಸಿಕೊಳ್ಳುವುದು, ಆ ಸೈನಿಕರ ನಿಷ್ಠೆ ಸೆನೆಟ್ಟಿನಿಂದ ಸೇನಾಪತಿಯ ಕಡೆಗೆ ಹೊರಳುವುದು, ಕೊನೆಗೆ ಸುಲ್ಲ ತನ್ನ ಊರಿನ ಮೇಲೆಯೇ ಸೇನೆ ನಡೆಸುವುದು: ಗಣರಾಜ್ಯ ಹೇಗೆ ಕುಸಿಯಿತೆಂಬುದನ್ನು ಇಷ್ಟು ಬಿಡಿಬಿಡಿಯಾಗಿ ತೋರಿಸುವ ಕಾದಂಬರಿ ಬೇರೊಂದಿಲ್ಲ. ವರದಕ್ಷಿಣೆಯ ಮಾತುಕತೆ, ಧಾನ್ಯದ ಬೆಲೆ, ಬಾಡಿಗೆ ಮನೆಗಳ ಮಹಡಿಗಳು ಎಲ್ಲವೂ ಇಲ್ಲಿವೆ.

ಗ್ರೇವ್ಸ್ ಹೊರಗಿಟ್ಟ ಲ್ಯಾಟಿನ್ನನ್ನೆಲ್ಲ ಮೆಕಲೋ ಒಳಗೆ ಕರೆದಿದ್ದಾಳೆ. ಪುಸ್ತಕದ ಕೊನೆಯಲ್ಲಿ ದೊಡ್ಡ ಪದಕೋಶವಿದೆ, ನಕ್ಷೆಗಳಿವೆ, ಆಕೆಯೇ ಬರೆದ ಮುಖಚಿತ್ರಗಳಿವೆ. ಹೆಸರುಗಳು ಮೂರು ಮೂರು ತುಂಡಿನವು. ರೋಮನ್ನರು ಬಳಸುತ್ತಿದ್ದ ಮೊದಲ ಹೆಸರುಗಳೇ ಇಪ್ಪತ್ತರ ಒಳಗಿದ್ದುದರಿಂದ ಗಾಯಸ್‌ಗಳೂ ಲೂಸಿಯಸ್‌ಗಳೂ ಪುಟಪುಟಕ್ಕೂ ಎದುರಾಗುತ್ತಾರೆ, ಹೆಣ್ಣುಮಕ್ಕಳಿಗಂತೂ ಮನೆತನದ ಹೆಸರೇ ಹೆಸರು. ಕೊನೆಯ ತುಂಡನ್ನು ಮಾತ್ರ ನೆನಪಿಟ್ಟುಕೊಂಡು ಓದಿದರೆ ಕೆಲಸ ಸುಲಭವಾಗುತ್ತದೆ. ‘ದುರ್ಗಾಸ್ತಮಾನ’ದಂತಹ ದಪ್ಪ ಐತಿಹಾಸಿಕ ಕಾದಂಬರಿಯನ್ನು ಒಂದು ಮಳೆಗಾಲವಿಡೀ ಓದಿ, ಮುಗಿದಾಗ ಊರು ಬಿಟ್ಟು ಬಂದಂತಾದವರಿಗೆ ಇದು ಹೇಳಿ ಮಾಡಿಸಿದ ಮಾಲೆ. ನನ್ನ ತಕರಾರು ನಂತರದ ಸಂಪುಟಗಳ ಬಗ್ಗೆ. ಸೀಸರ್ ಬೆಳೆದಂತೆ ಲೇಖಕಿ ಅವನಿಗೆ ಮನಸೋಲುತ್ತಾಳೆ. ಅವನು ತಪ್ಪು ಮಾಡುವುದನ್ನೇ ನಿಲ್ಲಿಸುತ್ತಾನೆ, ಎದುರಾಳಿಗಳೆಲ್ಲ ಕುಬ್ಜರಾಗುತ್ತಾರೆ. ಹ್ಯಾರಿಸ್‌ನ ಸಿಸೆರೊನನ್ನು ಓದಿದ ಮೇಲೆ ಮೆಕಲೋಳ ಸಿಸೆರೊನನ್ನು ಕಂಡರೆ ಅಯ್ಯೋ ಎನಿಸುತ್ತದೆ. ಮೊದಲ ಮೂರನ್ನು ಓದಿ ನಿಲ್ಲಿಸಿದರೂ ಕಳೆದುಕೊಳ್ಳುವುದು ಹೆಚ್ಚೇನಿಲ್ಲ, ಏಕೆಂದರೆ ಈ ಮಾಲೆಯ ದೊಡ್ಡ ಪಾತ್ರ ಸುಲ್ಲ. ಅವನು ಮೂರನೆಯದರಲ್ಲಿಯೇ ತೀರಿಕೊಳ್ಳುತ್ತಾನೆ.

ಒಂದೇ ವಾರಾಂತ್ಯದಲ್ಲಿ ಮುಗಿಯುವುದು ಬೇಕೆನ್ನುವವರಿಗೆ ಹ್ಯಾರಿಸ್‌ನದೇ ‘ಪೊಂಪೈ’ (2003) ಸಾಕು. ಅದರ ನಾಯಕ ನೀರಿನ ಕಾಲುವೆ ನೋಡಿಕೊಳ್ಳುವ ಎಂಜಿನಿಯರ್. ವೆಸುವಿಯಸ್ ಜ್ವಾಲಾಮುಖಿ ಸಿಡಿಯುವ ಎರಡು ದಿನ ಮೊದಲು ನೀರಿನಲ್ಲಿ ಗಂಧಕದ ವಾಸನೆ ಬರುತ್ತದೆ, ಶ್ರೀಮಂತನ ಕೊಳದ ಮೀನುಗಳು ಸಾಯುತ್ತವೆ. ಅವನು ಕಾಲುವೆಯ ಜಾಡು ಹಿಡಿದು ಬೆಟ್ಟದ ಕಡೆಗೆ ಹೋಗುತ್ತಾನೆ. ಕಾದಂಬರಿ ನಡೆಯುವುದು ಆಗಸ್ಟಿನಲ್ಲಿ. 2018ರಲ್ಲಿ ಪೊಂಪೈಯ ಗೋಡೆಯೊಂದರ ಮೇಲೆ ಸಿಕ್ಕ ಇದ್ದಿಲಿನ ಬರಹದಲ್ಲಿ ಅಕ್ಟೋಬರ್ ತಿಂಗಳ ದಿನಾಂಕವಿದ್ದುದರಿಂದ ಈಗ ಆ ತಿಂಗಳ ಬಗ್ಗೆಯೇ ವಾದ ಎದ್ದಿದೆ. ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹರಿದುಹೋಗುತ್ತಿದೆಯೆಂದು ಗೊಣಗಿದ ಲೇಖಕ ಹಿರಿಯ ಪ್ಲಿನಿ ಇಲ್ಲಿ ಒಂದು ಪಾತ್ರ. ಅವನು ಸತ್ತದ್ದೂ ಆ ಸ್ಫೋಟದಲ್ಲಿಯೇ. ಪತ್ತೇದಾರಿ ಬೇಕಿದ್ದರೆ ಲಿಂಡ್ಸಿ ಡೇವಿಸ್‌ಳ ಫಾಲ್ಕೊ ಮಾಲೆಯನ್ನು 1989ರ ‘ದಿ ಸಿಲ್ವರ್ ಪಿಗ್ಸ್’ನಿಂದ ಹಿಡಿಯಬಹುದು, ಬಾಡಿಗೆ ಕಟ್ಟಲಾಗದ ಪತ್ತೇದಾರನ ಕೊಂಕುಮಾತು ರೈಲು ಪ್ರಯಾಣಕ್ಕೆ ಚೆನ್ನ. ಸಿಯೆಂಕಿಯೆವಿಚ್‌ನ ‘ಕ್ವೊ ವಾಡಿಸ್’ (1896) ಹಳೆಯದಾದ್ದರಿಂದ ಅದರ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಧಾರ್ಮಿಕ ಆವೇಶ ದಾಟಿ ಓದಬಲ್ಲವರಿಗೆ ನೀರೋನ ಆಸ್ಥಾನದ ಪೆಟ್ರೋನಿಯಸ್ ಒಬ್ಬನೇ ಸಾಕು.

ಮನೆಯಲ್ಲಿ ಹನ್ನೆರಡು ಹದಿಮೂರರ ಮಕ್ಕಳಿದ್ದರೆ ರೋಸ್‌ಮೆರಿ ಸಟ್‌ಕ್ಲಿಫ್‌ಳ ‘ದಿ ಈಗಲ್ ಆಫ್ ದಿ ನೈನ್ತ್’ (1954) ತಂದುಕೊಡಿ. ಬ್ರಿಟನ್ನಿನಲ್ಲಿ ಗಾಯಗೊಂಡು ಸೇನೆ ಬಿಟ್ಟ ತರುಣ, ತಂದೆಯೊಂದಿಗೆ ಕಾಣೆಯಾದ ಒಂಬತ್ತನೆಯ ದಳದ ಗರುಡ ಲಾಂಛನವನ್ನು ಹುಡುಕುತ್ತ, ತಾನು ಬಿಡುಗಡೆ ಮಾಡಿದ ಗುಲಾಮನೊಂದಿಗೆ ಹೇಡ್ರಿಯನ್ನನ ಗೋಡೆಯ ಆಚೆಗೆ ಹೋಗುತ್ತಾನೆ. ಆ ದಳ ಬ್ರಿಟನ್ನಿನಲ್ಲಿಯೇ ನಾಶವಾಯಿತೆಂಬುದನ್ನು ಇಂದು ಅನೇಕರು ಒಪ್ಪುವುದಿಲ್ಲ. ಓದುವ ಹುಡುಗನಿಗೆ ಅದರಿಂದ ಏನೂ ನಷ್ಟವಿಲ್ಲ. ಸೋತವರ ಕಡೆಯ ಮಾತನ್ನೂ ಒಬ್ಬ ರೋಮನ್ ಹುಡುಗ ಕೇಳಿಸಿಕೊಳ್ಳುವುದು ಇದರಲ್ಲಿದೆ, ದೊಡ್ಡವರ ಪುಸ್ತಕಗಳಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ.

ಯಾವ ರೂಪದಲ್ಲಿ ಓದಬೇಕೆಂಬುದೂ ಸಣ್ಣ ವಿಷಯವಲ್ಲ. ಹ್ಯಾರಿಸ್‌ನನ್ನು ಮೊಬೈಲಿನಲ್ಲಿ ಓದಬಹುದು, ಆಡಿಯೋದಲ್ಲಿ ಕೇಳಲೂಬಹುದು. ಮೆಕಲೋಳಿಗೆ ಕಾಗದದ ಪುಸ್ತಕವೇ ಬೇಕು, ಏಕೆಂದರೆ ಎಡಗೈಯ ಬೆರಳೊಂದು ಸದಾ ಪದಕೋಶದ ಪುಟದಲ್ಲಿರಬೇಕಾಗುತ್ತದೆ. ಹೇಡ್ರಿಯನ್ನನನ್ನು ಪೆನ್ಸಿಲ್ ಹಿಡಿದು ಓದಬೇಕು. ಕ್ಲಾಡಿಯಸ್‌ನನ್ನು ಬಿಬಿಸಿ 1976ರಲ್ಲಿ ಧಾರಾವಾಹಿ ಮಾಡಿತು. ಡೆರೆಕ್ ಜಾಕೊಬಿ ಕ್ಲಾಡಿಯಸ್ ಆಗಿದ್ದಾನೆ. ಹೆಸರುಗಳಿಗೆ ಮುಖ ಸಿಗಬೇಕೆಂದು ಅದನ್ನು ಮೊದಲು ನೋಡುವವರಿದ್ದಾರೆ. ನಾನು ಬೇಡವೆನ್ನುತ್ತೇನೆ, ನೋಡಿಬಿಟ್ಟರೆ ಗೀಟು ಎಳೆಯುವ ಸುಖ ತಪ್ಪಿಹೋಗುತ್ತದೆ.

ಅಂಗಡಿಯಲ್ಲಿಯೋ ಗ್ರಂಥಾಲಯದಲ್ಲಿಯೋ ಐದನ್ನೂ ಮೇಜಿನ ಮೇಲಿಟ್ಟುಕೊಂಡು ಪ್ರತಿಯೊಂದರ ಮೊದಲ ಎಂಟು ಹತ್ತು ಪುಟ ಓದಿ. ಕ್ಲಾಡಿಯಸ್ ತನ್ನ ಅಡ್ಡಹೆಸರುಗಳನ್ನು ತಾನೇ ಪಟ್ಟಿಮಾಡುತ್ತಾನೆ, ಹೇಡ್ರಿಯನ್ ವೈದ್ಯನ ಮುಂದೆ ಮಲಗುತ್ತಾನೆ, ಜೂಲಿಯಸ್ ಸೀಸರ್ ತನ್ನ ಸೋದರ ಸೊಸೆಗೆ ಅವಳ ಮಗನ ಭವಿಷ್ಯದ ಬಗ್ಗೆ ಕಾಗದ ಬರೆಯುತ್ತಾನೆ, ಟೈರೊ ಬಾಗಿಲು ತೆರೆಯುತ್ತಾನೆ, ಮೆಕಲೋಳ ಮೆರವಣಿಗೆ ಹೊರಡುತ್ತದೆ. ಯಾರ ಮಾತಿನ ನಡುವೆ ಎದ್ದುಹೋಗಲು ಮನಸ್ಸಾಗುವುದಿಲ್ಲವೋ ಅವನನ್ನು ಮನೆಗೆ ಕರೆದುಕೊಂಡು ಹೋಗಿ. ಅದು ಕ್ಲಾಡಿಯಸ್ ಆಗಿದ್ದು, ನೀವು ಕೊಳ್ಳುತ್ತಿರುವುದು ಹಳೆಯ ಪ್ರತಿಯಾಗಿದ್ದರೆ, ಹಣ ಕೊಡುವ ಮೊದಲು ವಂಶವೃಕ್ಷದ ಹಾಳೆ ಉಳಿದಿದೆಯೇ ಎಂದು ತಿರುವಿ ನೋಡಿಕೊಳ್ಳಿ.